ಬದನೆ ಮಡಿಗೆ ಹಾಸಿದ ಹಾಳೆ

"ಗುರುಗಳೇ, ಮಠಕ್ಕೆ ಬಂದವರೆಲ್ಲ ಏನೇನೋ ಮಾತಾಡುತ್ತಾರೆ. ಅದರಲ್ಲಿ ಕೇಳಬೇಕಾದ ಮಾತು ಯಾವುದು, ಬೇಡದ್ದು ಯಾವುದು ಎಂದು ಮೊದಲೇ ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ. ನಾಳೆಯಿಂದ ಶಾಸ್ತ್ರ ಬಲ್ಲವರೊಡನೆ ಮಾತ್ರ ಕೂರುವುದೆಂದು ಅವನು ಆಗಲೇ ತೀರ್ಮಾನಿಸಿದ್ದ. ಗುರುಗಳು ಹೂಂ ಎಂದರೆ ಸಾಕಿತ್ತು.

ಗುರುಗಳು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಕತೆ ಹೇಳಿದರು.

ಒಬ್ಬ ರೈತ ಬದನೆ ಬೆಳೆಯುತ್ತಿದ್ದ. ಪೇಟೆಯ ಒಂದು ಊಟದ ಹೋಟೆಲೇ ಅವನಿಗಿದ್ದ ಒಂದೇ ಗಿರಾಕಿ. ಅಲ್ಲಿನ ಬದನೆಕಾಯಿ ಸಾರಿಗೆ ಜನ ಮುಗಿಬೀಳುತ್ತಿದ್ದರು. ಇಡೀ ಹೋಟೆಲು ನಡೆಯುವುದೇ ತನ್ನ ಬದನೆಯಿಂದ ಎಂದು ರೈತ ಮೀಸೆ ತಿರುವುತ್ತಿದ್ದ. ಅವನ ಹೆಂಡತಿ ದಿನವೂ ಕಳೆ ಕೀಳುತ್ತಿದ್ದಳು. ಕಾಯಿ ಬಾಡದಿರಲೆಂದು ಅದೇ ಕಳೆಯನ್ನು ಬುಟ್ಟಿಯ ಮೇಲೆ ಹೊದಿಸಿ, ಹೋಟೆಲಿನ ಹಿಂಬಾಗಿಲಿಗೆ ಹೊತ್ತೊಯ್ದು ಕೊಟ್ಟು ಬರುತ್ತಿದ್ದಳು.

ಒಂದು ವರ್ಷ ರೈತ ಮಡಿಗಳಿಗೆಲ್ಲ ಮಲ್ಚಿಂಗ್ ಪೇಪರ್ ಹಾಸಿದ. ಎರಡಡಿಗೊಂದು ತೂತು, ತೂತಿಗೊಂದು ಸಸಿ. ಉಳಿದ ನೆಲಕ್ಕೆಲ್ಲ ಪ್ಲಾಸ್ಟಿಕ್ ಹೊದಿಕೆ. ಕಳೆಗೆ ತಲೆಯೆತ್ತಲು ಜಾಗವೇ ಇರಲಿಲ್ಲ. ಕಾಯಿ ದುಪ್ಪಟ್ಟು ಬಂತು. ಒಂದಕ್ಕೂ ಮಣ್ಣು ಮೆತ್ತಿರಲಿಲ್ಲ. ಈಗ ಕ್ರೇಟು ತುಂಬಿಕೊಂಡು ಅವನೇ ಬೈಕಿನಲ್ಲಿ ಹೋಟೆಲಿನ ಮುಂಬಾಗಿಲಿಗೆ ಹೋಗತೊಡಗಿದ.

ತಿಂಗಳು ತುಂಬುವಷ್ಟರಲ್ಲಿ ಹೋಟೆಲಿನ ಯಜಮಾನ ಹೇಳಿದ: "ಈ ವಾರ ಆದ್ಮೇಲೆ ಬೇಡಪ್ಪಾ. ಸಾರು ಮೊದಲಿನ ಹಾಗಿಲ್ಲ ಅಂತಾರೆ ಜನ. ಏನು ಕಮ್ಮಿಯಾಗಿದೆ ಅಂದ್ರೆ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ರೈತನ ತಲೆ ಕೆಟ್ಟುಹೋಯಿತು. ಕಾಯಿಯನ್ನು ಹಸಿಯಾಗಿ ತಿಂದ, ಸುಟ್ಟು ತಿಂದ, ಬೇಯಿಸಿ ತಿಂದ. ಚೆನ್ನಾಗಿಯೇ ಇತ್ತು. ಬಿಸಿಲಿಗೆ ಕಾದ ಹಾಳೆಯಿಂದ ರುಚಿ ಕೆಟ್ಟಿತೇ ಎಂದು ಹಾಳೆಯನ್ನೂ ಮೂಸಿದ. ಒಂದು ದಿನ ನೀರು ಹೆಚ್ಚಿಸಿದ, ಮರುದಿನ ಕಮ್ಮಿ ಮಾಡಿದ. ಬೆಳೆ ಸುಧಾರಿಸಿದೆ, ಗಿರಾಕಿ ಕೈಬಿಡುತ್ತಿದ್ದಾನೆ. ಇದು ಯಾವ ಸೀಮೆಯ ನ್ಯಾಯವೆಂದು ಅವನಿಗೆ ಬಗೆಹರಿಯಲಿಲ್ಲ. ಇಷ್ಟೂ ಕಾಯಿಯನ್ನು ದನಕ್ಕೆ ಸುರಿಯಬೇಕಾದೀತೆಂದು ಹೆದರಿದ.

ವಾರದ ಕೊನೆಗೆ ಅವನು ದಿಕ್ಕು ತೋಚದೆ ಹೋಟೆಲಿನ ಹಿಂದೆ ಕೂತಿದ್ದ. ಅಡುಗೆಯವ ಹೊರಬಂದು ದನಿ ತಗ್ಗಿಸಿ ಕೇಳಿದ: "ಬುಟ್ಟಿ ಮೇಲೆ ಬರ್ತಿತ್ತಲ್ಲ, ಆ ಸೊಪ್ಪು ಎಲ್ಲಿ?"

"ಅದು ಕಳೆ ಕಣಯ್ಯಾ. ಈಗ ಎಲ್ಲಿಂದ ಬರ್ಬೇಕು?"

"ಅದರಲ್ಲೇ ಅಣ್ಣೆಸೊಪ್ಪು, ಗಣಿಕೆಸೊಪ್ಪು ಆರಿಸಿ ಸಾರಿಗೆ ಹಾಕ್ತಿದ್ದೆ. ಕಳೆ ಹಾಕ್ತೀಯಾ ಅಂತ ಯಜಮಾನ್ರು ಬೈತಾರೆ ಅಂತ ಯಾರಿಗೂ ಹೇಳಿರ್ಲಿಲ್ಲ. ಜನ ಬರ್ತಿದ್ದದ್ದು ಆ ರುಚಿಗೆ."

ರೈತ ಒಂದೇ ಉಸಿರಿಗೆ ಮನೆಗೆ ಬಂದ. ದೊಡ್ಡ ಗುಟ್ಟು ಕಂಡುಹಿಡಿದವನಂತೆ ಹೆಂಡತಿಗೆ ಹೇಳಿದ. ಅವಳಿಗೆ ಅಚ್ಚರಿಯೇ ಆಗಲಿಲ್ಲ. ಇನ್ನೊಂದು ಹಿಡಿ ಹೆಚ್ಚಿಗೆ ತಾರಮ್ಮಾ ಎಂದು ಹಿಂಬಾಗಿಲಲ್ಲಿ ಅಡುಗೆಯವ ದಿನವೂ ಕೇಳುತ್ತಿದ್ದುದು ಅವಳನ್ನೇ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಕತೆ ಮುಗಿಯಿತೋ ಇಲ್ಲವೋ ಎಂದು ಶಿಷ್ಯನಿಗೆ ತಿಳಿಯಲಿಲ್ಲ. ಆ ಹೆಂಗಸಿನ ಮೇಲೆ ಅವನಿಗೆ ಸಿಟ್ಟೂ ಬಂದಿತ್ತು. "ಎಲ್ಲ ಗೊತ್ತಿದ್ದವಳು ಮೊದಲೇ ಯಾಕೆ ಹೇಳಲಿಲ್ಲ?" ಎಂದ.

"ಹಾಳೆ ಹಾಸಿದ ದಿನ ಹೇಳಿದಳು, ಹೋಟೆಲಿನ ಯಜಮಾನ ಬೇಡವೆಂದ ದಿನವೂ ಹೇಳಿದಳು, ಗಂಡ ಆ ಮಾತನ್ನೂ ಕಳೆ ಎಂದುಕೊಂಡ" ಎಂದರು ಗುರುಗಳು.