ಎಮ್ಮೆ ನನ್ನದೇ, ಏಕೆಂದರೆ...

"ಬುದ್ಧೀ, ವಾದ ಎಂಬುದು ಒಂದೋ, ಹಲವೋ?" ಎಂದು ಶಿಷ್ಯ ಗುರುಪಾದ ಕೇಳಿದ.

ಬಟ್ಟೆಗಂಟನ್ನು ಬಾಗಿಲ ಹೊರಗೇ ಇಟ್ಟು ಬಂದಿದ್ದ. ತರ್ಕದ ಪಂಡಿತರು ಭೇಷ್ ಎಂದಿದ್ದ ಧಾಟಿಯಲ್ಲೇ ವೈದ್ಯದ ಪಂಡಿತರಿಗೂ ಪ್ರಬಂಧ ಬರೆದುಕೊಟ್ಟಿದ್ದ. ರೋಗಿಯ ಮುಖವನ್ನೇ ನೋಡದೆ ಬರೆದಿದ್ದೀಯೆ ಎಂದು ಅವರು ಹಿಂದಕ್ಕೆ ಕೊಟ್ಟರು. ಚರಿತ್ರೆಯ ಪಂಡಿತರು, ಇದು ಯಾವ ಶಾಸನದಲ್ಲಿದೆ ಎಂದರು. ಓದು ತನ್ನ ಹಣೆಯಲ್ಲಿ ಬರೆದಿಲ್ಲ, ಮಠ ಬಿಟ್ಟು ಹೋಗುವುದೇ ಸರಿ ಎಂದು ಅವನು ನಿಶ್ಚಯಿಸಿದ್ದ.

ಗುರುಗಳು ಗಂಟಿನ ಕಡೆ ನೋಡಿದರು. ಹೋಗುವವನು ಒಂದು ಕತೆ ಕೇಳಿ ಹೋಗು ಎಂದು ಕೂರಿಸಿಕೊಂಡರು.

ಒಬ್ಬ ರೈತನ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ಪಕ್ಕದೂರಿನವರು ಅದನ್ನು ತುಡುಗು ದನದ ದೊಡ್ಡಿಗೆ ಕೂಡಿದರು. ಮನೆಯ ಹಾಲು ಮೊಸರಿಗೆಲ್ಲ ಅದೊಂದೇ ಗತಿ. ರೈತ ದೊಡ್ಡಿಗೆ ಓಡಿದ. ದೊಡ್ಡಿ ಕಾಯುವವನು ಗುರುತು ಹೇಳು ಎಂದ. ಎಡಗೊಂಬು ಮುರಿದಿದೆ, ಬಾಲದ ತುದಿ ಬಿಳಿ ಎಂದ ರೈತ. ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಇನ್ನೊಬ್ಬ ಬಂದು ಎಮ್ಮೆ ತನ್ನದೆಂದ. ನ್ಯಾಯ ಗೌಡನ ಮುಂದೆ ಹೋಯಿತು.

ರೈತ ಅಲ್ಲಿಯೂ ಕೊಂಬು, ಬಾಲ ಎಂದ.

"ಅದು ಕಣ್ಣಿದ್ದವರಿಗೆಲ್ಲ ಕಾಣುತ್ತದಪ್ಪ. ನೀನು ಇದನ್ನು ಸಾಕಿದ್ದು ಕಂಡವರು ಯಾರು?" ಎಂದ ಗೌಡ.

ರೈತ ಮತ್ತೆ ಕೊಂಬು ಎಂದ. ಇನ್ನೂ ಜೋರಾಗಿ ಬಾಲ ಎಂದ. ಕೂಗಿದರೆ ಸಾಕ್ಷಿ ಹುಟ್ಟುತ್ತದೆಯೇ? ಕೊನೆಗೆ ಹೊಳೆದು, ನೆರೆಮನೆಯವನನ್ನು ಕರೆತಂದು ಹೇಳಿಸಿದ. ಎಮ್ಮೆ ಕೈಗೆ ಬಂತು. ಬದುಕಿದೆಯಾ ಬಡಜೀವವೇ ಎಂದು ಮನೆಗೆ ಹೊಡೆದುಕೊಂಡು ಬಂದ. ಹೆಂಡತಿ ಬಾಗಿಲಲ್ಲೇ ನಿಂತು, ಇದು ಹಗ್ಗ ಕಿತ್ತುಕೊಂಡದ್ದು ಏಕೆ ಎಂದಳು. ಆಸಾಮಿ ಈಗ ಪಾಠ ಕಲಿತಿದ್ದನಲ್ಲ, ಸಾಕ್ಷಿ ಇದ್ದಾನೆ ಕೇಳು ಎಂದು ನೆರೆಮನೆಯವನನ್ನು ಮುಂದೆ ತಳ್ಳಿದ!

ಗುರುಪಾದನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಆ ನಗುವಿನಲ್ಲೇ ಇಳಿಯಿತು. ತಾನು ದಡ್ಡನಲ್ಲ, ಕೊಂಬು ಕೊಂಬು ಎಂದು ಕೂಗಿದವನು, ಅಷ್ಟೇ. ಆದರೂ ಒಂದು ಮಾತು ಉಳಿದಿತ್ತು.

"ಬುದ್ಧೀ, ನಾನು ಕಾರಣ ಕೊಡದೆ ಬರೆದವನಲ್ಲ. ಸಾಲುಸಾಲಿಗೂ 'ಏಕೆಂದರೆ' ಎಂದು ಬರೆದಿದ್ದೆ."

"ಯಾರಾದರೂ 'ಏಕೆ' ಎಂದರೆ ತಾನೇ ಮಗು, 'ಏಕೆಂದರೆ'? ಹಾಗೆ ಎಂದವರು ಯಾರೆಂದು ತಲೆಯೆತ್ತಿ ನೋಡಿದೆಯಾ?" ಎಂದರು ಗುರುಗಳು.

ಗುರುಪಾದ ಎದ್ದು ಹೋಗಿ ಗಂಟನ್ನು ಒಳಗೆ ತಂದ.