ಕೊಳ್ಳದ ಕೂಡ ಮಾತಾಡಿದ ಕೆಂಚವ್ವ

ಬಾ ಕೂಸೇ, ನನ್ನ ಮಗ್ಗುಲಿಗೆ ಸರಿ, ಕಾಲು ಕೌದಿಯೊಳಗೆ ಎಳ್ಕೋ. ನಾನು ಹೇಳ್ತಾ ಹೋಗ್ತೀನಿ, ನೀನು ಹೂಂ ಅಂತಿರು. ಹೂಂ ನಿಂತ್ರೆ ಕತೇನೂ ನಿಂತುಬಿಡ್ತೈತೆ.

ಒಂದಾನೊಂದು ಕಾಲದಲ್ಲಿ, ಬರೀ ಮರಳು, ಕೆಂಪು ಕಲ್ಲು ಇರೋ ಸೀಮೆಯಲ್ಲಿ ಹುಲಿಗೆವ್ವ ಅನ್ನೋ ತಾಯಿ ಇದ್ಲಂತೆ. ಅವಳಿಗೆ ಭರಮಪ್ಪ, ದುರುಗಪ್ಪ ಅಂತ ಇಬ್ಬರು ಗಂಡುಮಕ್ಕಳು, ಕೊನೇದು ಕೆಂಚವ್ವ. ಈ ಕೆಂಚವ್ವನ ಬಾಯಿ ಒಂದು ಗಳಿಗೆ ಸುಮ್ಮನಿರ್ತಿರಲಿಲ್ಲವಂತೆ. ಆಡಿನ ಕೂಡ ಮಾತು, ಒಲೆ ಕೂಡ ಮಾತು. ಸಾಕು ಬಾಯಿ ಮುಚ್ಚೇ, ನನ್ನ ಕಿವಿ ತೂತು ಬಿದ್ದವು ಅಂತ ತಾಯಿ ದಿನಾ ಬೈತಿದ್ದಳಂತೆ.

ಆಮೇಲೆ ಏನಾಯ್ತು, ಆ ತಾಯಿ ಜ್ವರ ಬಂದು ಮಲಗಿಬಿಟ್ಟಳು. ಊರ ಬಾವಿ ನೀರು ಸವುಳು, ಬಾಯಿಗಿಟ್ಟರೆ ಹೊರಗೇ ಬರೋದು. ಗುಟುಕು ಇಳೀದೆ ತುಟಿ ಒಡೆದು, ಕಣ್ಣು ಒಳಗೆ ಹೋದವು. ಆಗ ಅವಳು, ಕೆಂಗಲ್ಲ ಕೊಳ್ಳದ ತುದೀಲಿ ನೀರು ಧುಮುಕೋ ಮಡು ಐತಲ್ಲ, ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದೆ, ಆ ಸಿಹಿನೀರಾದ್ರೆ ಇಳೀಬಹುದೇನೋ ಅಂದಳಂತೆ. ಕೊಳ್ಳದ ಒಳಗಿನ ದಾರಿ ಮಾತ್ರ ಅವಳಿಗೆ ನೆನಪಿಲ್ಲ.

ಭರಮಪ್ಪ ಹೊರಟ. ಕೊಳ್ಳದ ಬಾಯಲ್ಲಿ ನಿಂತು, ಯಾವನೋ ಅವನು ಒಳಗೆ, ಅಂತ ಗದರಿಸಿದ. ಯಾವನೋ ಅವನು ಒಳಗೆ ಅಂತ ಕೊಳ್ಳಾನೂ ಗದರಿಸ್ತು. ನನಗೇ ಎದುರುತ್ತರವಾ ಅಂತ ಸಂಜೇತನಕ ಜಗಳಾಡಿ, ಗಂಟಲು ಕಟ್ಟಿ ವಾಪಸ್ ಬಂದನಂತೆ. ಆಮೇಲೆ ದುರುಗಪ್ಪ ಹೋಗಿ, ಅಯ್ಯಯ್ಯೋ ಯಾರದು ಅಂದ. ಒಳಗಿಂದಲೂ ಅಯ್ಯಯ್ಯೋ ಅಂದಿದ್ದೇ ತಡ, ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದನಂತೆ.

ಆಮೇಲೆ ಕೆಂಚವ್ವ ರೊಟ್ಟಿ ಕಟ್ಕೊಂಡು, ಸೋರೆಬುರುಡೆ ಹೆಗಲಿಗೆ ಹಾಕ್ಕೊಂಡು ಹೋದಳು. ಒಳಗೆ ಯಾರೋ ಅಜ್ಜಿ ಇದ್ದಾಳೆ ಅಂದ್ಕೊಂಡು, ಯಜ್ಜೀ, ಊಟ ಆಯ್ತಾ ಅಂತ ಕೂಗಿದಳು. ಊಟ ಆಯ್ತಾ ಅಂತ ಕೊಳ್ಳ ಕೇಳ್ತು. ಅಯ್ಯೋ ನಮ್ಮವ್ವ, ಎಷ್ಟು ಒಳ್ಳೇ ಮುದುಕಿ ಅಂತ ಒಂದು ರೊಟ್ಟಿ ಕಲ್ಲ ಮೇಲಿಟ್ಟು, ಮಾತಾಡ್ತಾ ಮಾತಾಡ್ತಾ ಒಳಗೆ ನಡೆದಳಂತೆ.

ಒಂದು ಕವಲು ಬಂತು. ಎಡಕ್ಕೆ ಕೂಗಿದ್ರೆ ಮಾತು ಪಟ್ಟಂತ ವಾಪಸ್ ಬಂತು, ಬಲಕ್ಕೆ ಕೂಗಿದ್ರೆ ನಿಧಾನಕ್ಕೆ, ದೂರದಿಂದ ಬಂತು. ಮೂಗಿನ ಮುಂದೇ ಗೋಡೆ ಇದ್ರೆ ತಾನೇ ಪಟ್ಟಂತ ಬರೋದು ಅಂತ ಬಲಕ್ಕೇ ಹೋದಳು. ಎರಡನೇ ಕವಲಲ್ಲೂ ಹಂಗೇ, ದೂರದ ದನಿ ಹಿಂದೆ. ಮೂರನೇ ಕವಲಿಗೆ ಬರೋ ಹೊತ್ತಿಗೆ ಅಂಗಾಲು ಸುಟ್ಟು, ನಾಲಿಗೆ ಒಣಗಿ, ಕೂಗೋಕೆ ಹೋದ್ರೆ ದನಿಯೇ ಇಲ್ಲ. ಅವ್ವನ ಒಡೆದ ತುಟಿ ಕಣ್ಣಮುಂದೆ ಬಂತು. ಹುಟ್ಟಿದಾಗಿಂದ ಮೊದಲ ಸಲ ಬಾಯಿ ಮುಚ್ಚಿ ಕೂತಳಂತೆ.

ಆಗ ಕೇಳ್ತು. ಎಡಗಡೆ, ಬಲು ದೂರದಲ್ಲಿ, ಯಾರೋ ಮೊರದಲ್ಲಿ ಜೋಳ ಕೇರಿದಂಗೆ ಸರ್ರ್, ಸರ್ರ್. ಇಷ್ಟು ಹೊತ್ತು ನನ್ನದೇ ಮಾತಾಯ್ತಲ್ಲಜ್ಜಿ, ಪಾಪ ನೀನೂ ಹೇಳ್ತಾ ಇದ್ಯಾ ಅಂತ ಮನಸಲ್ಲೇ ಅಂದ್ಕೊಂಡು ಎದ್ದು, ಆ ಸದ್ದು ಹಿಡಿದು ಎಡಕ್ಕೆ ನಡೆದಳು. ತಿರುವು ದಾಟಿದ್ರೆ, ಕೆಂಪು ಬಂಡೆ ಮೇಲಿಂದ ಹಾಲು ಸುರಿದಂಗೆ ನೀರು, ಕೆಳಗೆ ತಣ್ಣನೆ ಹಸಿರು ಮಡು! ಮೊದಲು ಬುರುಡೆ ತುಂಬಿದಳು, ಆಮೇಲೆ ತಾನು ಕುಡಿದಳು, ಬಂದ ಹೆಜ್ಜೆ ಹಿಡಿದು ಓಡಿದಳಂತೆ.

ತಾಯಿ ಒಂದು ಗುಟುಕು ಕುಡಿದಳು, ಇಳೀತು. ಇನ್ನೊಂದು, ಮತ್ತೊಂದು. ಬೈದಾಳು ಅಂತ ಕೆಂಚವ್ವ ಸುಮ್ಮನೆ ಕೂತಿದ್ದಳು. ಯಾಕೇ ನನ್ನವ್ವ, ಮನೆಯೆಲ್ಲಾ ಬಿಕೋ ಅಂತೈತೆ, ಹೋದ ದಾರಿ ಹೇಳೇ ಅಂದಳಂತೆ ತಾಯಿ. ಮಗಳು ಹೇಳ್ತಾ ಹೋದಂಗೆ ತಾಯಿ ಹೂಂ, ಆಮೇಲೆ, ಹೂಂ, ಆಮೇಲೆ ಅಂತ ಕೇಳ್ತಾ ಬೆವೆತಳು, ಜ್ವರ ಬಿಟ್ಟು ಹೋಯ್ತಂತೆ.

ಆಮೇಲೆ ಹುಲಿಗೆವ್ವ ತಾನೇ ನಡಕೊಂಡು ಹೋಗಿ ಆ ಮಡುವಿನಲ್ಲಿ ಕಾಲು ಇಳಿಬಿಟ್ಟು ಕೂತಳಂತೆ. ಭರಮಪ್ಪ ಕೊಳ್ಳಕ್ಕೆ ಹೋದಾಗೆಲ್ಲ ಮೊದಲು ಊಟ ಆಯ್ತಾ ಅಂತಿದ್ದನಂತೆ. ದುರುಗಪ್ಪನಿಗೆ ಒಂದು ಚಪ್ಪಲಿ ಸಿಕ್ತು, ಇನ್ನೊಂದು ನರಿ ಕಚ್ಕೊಂಡು ಹೋಗಿತ್ತು. ಕೆಂಚವ್ವ ಬಾಯಾರಿದವರಿಗೆಲ್ಲ ದಾರಿ ತೋರಿಸ್ತಾ, ಮಾತಾಡ್ತಾ ಮಾತಾಡ್ತಾನೇ ಮುದುಕಿಯಾದಳಂತೆ.

ಕೂಸೇ? ಹೂಂ ನಿಂತೇಹೋಯ್ತಲ್ಲ. ಹಂಗಾದ್ರೆ ಕತೇನೂ ಮುಗೀತು.