ಯುವರಾಜರ ಎಣ್ಣೆನೀರು

"ನನ್ನ ಮಗನಿಗೆ ಆಗುವಂಥ ಆರೈಕೆ ದಿಲ್ಲಿ ಬಾದಶಹನ ಮಗನಿಗೂ ಆಗಿರಬಾರದು," ಎಂದು ಬಿಲ್ವದುರ್ಗದ ದೊರೆ ಮುದ್ದಯ್ಯ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಮಗನಿಗೆ ಆಗಿನ್ನೂ ಎರಡು ತಿಂಗಳು. ಅವನಿಗೆ ಬೇಕಾಗಿದ್ದದ್ದು ಹಾಲು, ನಿದ್ದೆ, ಬಿಸಿನೀರು, ಇಷ್ಟೇ. ಆದರೆ ದೊರೆಯ ಬಾಯಿಂದ ಮಾತು ಬಿದ್ದ ಮೇಲೆ ಪ್ರಧಾನಿ ಲಿಂಗರಸ ಸುಮ್ಮನಿರುವ ಆಸಾಮಿಯೇ? ಮಾರನೆಯ ದಿನವೇ ಮಾರುದ್ದದ ಓಲೆ ಬರೆಸಿಕೊಂಡು ಬಂದ. ಸಭೆಯಲ್ಲಿ ಓಲೆ ಓದುವ ಕೆಲಸ ಅಳಸಿಂಗಯ್ಯನದು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಯುವರಾಜರನ್ನು ಎತ್ತಲು ಒಬ್ಬಳು, ಇಳಿಸಲು ಒಬ್ಬಳು, ತೂಗಲು ಒಬ್ಬಳು, ಹಾಡಲು ಒಬ್ಬಳು, ನೀರು ಹೊಯ್ಯಲು ಒಬ್ಬಳು, ಇವರೆಲ್ಲ ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡಲು ಒಬ್ಬಳು. ಆರು ಮಂದಿಗೂ ವ್ಯಾಕರಣ, ಛಂದಸ್ಸು ಬರಬೇಕು. ಮಕ್ಕಳನ್ನು ಸಾಕಿ ಇಪ್ಪತ್ತು ವರ್ಷ ಪಳಗಿರಬೇಕು. ವಯಸ್ಸು ಇಪ್ಪತ್ತೆರಡು ದಾಟಿರಬಾರದು. ಸ್ವಂತ ಮನೆ ಮಕ್ಕಳು ಇರಬಾರದು, ಹಗಲೂ ರಾತ್ರಿ ಅರಮನೆಯಲ್ಲೇ ಬಿದ್ದಿರಬೇಕು."

ಅಳಸಿಂಗಯ್ಯ ಓಲೆಯಿಂದ ತಲೆ ಎತ್ತಿದ. "ಪ್ರಧಾನಿಗಳೇ, ಎರಡು ವರ್ಷದವಳಿದ್ದಾಗಲೇ ದಾದಿಯಾದವಳು ಎಲ್ಲಿ ಸಿಗುತ್ತಾಳೆ?"

"ಆರು ಮಂದಿಯೂ ಸಿದ್ಧರಿದ್ದಾರೆ," ಎಂದ ಲಿಂಗರಸ. "ನನ್ನ ಷಡ್ಡಕನ ಕಡೆಯವರು."

ಕೊನೆಯ ಸಾಲು ಓದುವಾಗ ಅಳಸಿಂಗಯ್ಯನ ದನಿ ತಾನಾಗಿ ಇಳಿಯಿತು. "ಈಗ ಇರುವ ಕುಂಬಾರರ ದ್ಯಾವಮ್ಮನನ್ನು ಸೋಮವಾರ ಕೋಟೆಯಿಂದ ಹೊರಗೆ ಹಾಕತಕ್ಕದ್ದು. ಅಪರಾಧ: ದಿನವೂ ಯುವರಾಜರ ಎದುರು ಕಾಲು ಚಾಚುತ್ತಾಳೆ. ಸಾಲದ್ದಕ್ಕೆ ಅವರನ್ನು ಆ ಕಾಲ ಮೇಲೆಯೇ ಮಲಗಿಸುತ್ತಾಳೆ."

ರಾಜವಂಶದವರ ಎದುರು ಯಾರೂ ಕಾಲು ಚಾಚಿ ಕೂರಬಾರದು ಎಂಬುದು ಅರಮನೆಯ ಹಳೆಯ ಕಟ್ಟಳೆ. ಆದರೆ ಊರಲ್ಲಿ ಯಾವ ಮನೆಗೆ ಹೋದರೂ ಕೂಸಿಗೆ ನೀರು ಹಾಕುವುದೇ ಹಾಗೆ. ಹೆಂಗಸು ಮಣೆಯ ಮೇಲೆ ಕೂತು, ಎರಡು ಕಾಲೂ ನೀಡಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹೊಯ್ಯುತ್ತಾಳೆ. ಏಳು ಮಕ್ಕಳ ತಂದೆಯಾದರೂ ಲಿಂಗರಸ ಒಂದು ದಿನ ಬಚ್ಚಲಮನೆಗೆ ಇಣುಕಿ ನೋಡಿದವನಲ್ಲ.

ಪರದೆಯ ಹಿಂದಿನಿಂದ ರಾಣಿ ಹೊನ್ನಾಜಮ್ಮ ಮಾತಾಡಿದಳು. "ದ್ಯಾವಮ್ಮ ನೀರು ಹಾಕಿದರಷ್ಟೇ ಮಗು ಮಲಗುತ್ತೆ. ಮಗು ಮಲಗಿದರಷ್ಟೇ ನಾನು ಕಣ್ಣು ಮುಚ್ಚೋದು. ಅವಳನ್ನು ಕಳಿಸಿದರೆ ನಾನೂ ಮಗು ಎತ್ತಿಕೊಂಡು ತವರಿಗೆ ಹೊರಟೆ."

ದೊರೆ ಇಕ್ಕಟ್ಟಿಗೆ ಸಿಕ್ಕಿದ. "ಕಟ್ಟಳೆ ನನ್ನ ಮುತ್ತಜ್ಜ ಮಾಡಿದ್ದು. ಮುರಿಯುವುದು ಹೇಗೆ?"

ಅಳಸಿಂಗಯ್ಯ ಮುಂದೆ ಬಂದ. ಅವನ ಮೂರು ಮಕ್ಕಳಿಗೂ ನೀರು ಹಾಕಿದವಳು ಇದೇ ದ್ಯಾವಮ್ಮ. ಆದರೂ ಕೈ ಮುಗಿದು ನಯವಾಗಿ ಹೇಳಿದ: "ಪ್ರಧಾನಿಗಳ ಮಾತು ನೂರಕ್ಕೆ ನೂರು ಸರಿ, ಪ್ರಭು. ಸೋಮವಾರ ಆ ಆರು ಮಂದಿಯಿಂದ ಕಟ್ಟಳೆಯ ಪ್ರಕಾರವೇ ಎಣ್ಣೆನೀರು ಆಗಲಿ, ಇಡೀ ಸಭೆ ನೋಡಲಿ. ಪ್ರಧಾನಿಗಳೇ ಮುಂದೆ ನಿಂತು ನಡೆಸಿಕೊಡಲಿ. ಮೊದಲ ಸಲವಾದ್ದರಿಂದ ಅಭ್ಯಾಸಕ್ಕೆ ಯುವರಾಜರ ಬದಲು ಒಂದು ಬೂದುಗುಂಬಳ ಇಟ್ಟುಕೊಳ್ಳೋಣ."

ಲಿಂಗರಸ ಉಬ್ಬಿಹೋದ.

ಸೋಮವಾರ ಆರು ಮಂದಿ ಪಟ್ಟೆ ಸೀರೆಯುಟ್ಟು ಬಂದರು. ಕೂತರೆ ಎಲ್ಲಿ ಕಾಲು ಚಾಚಿಹೋದೀತೋ ಎಂದು ಲಿಂಗರಸ ಎಲ್ಲರನ್ನೂ ನಿಲ್ಲಿಸಿದ. ಹರಳೆಣ್ಣೆ ಸವರಿದ ಕುಂಬಳಕಾಯಿಯನ್ನು ಎತ್ತುವವಳು ಎತ್ತಿದಳು. ಹಾಡುವವಳು ಹಾಡಿದಳು. ಹೊಯ್ಯುವವಳು ಬಿಸಿನೀರು ಹೊಯ್ದಳು. ಕಾಯಿ ಜಾರತೊಡಗಿತು.

"ಹಿಡಿಯಮ್ಮ, ಹಿಡಿ," ಎಂದ ಲಿಂಗರಸ.

"ನಾನು ಎತ್ತುವವಳು. ಹಿಡಿಯುವವಳ ಹೆಸರು ಓಲೆಯಲ್ಲಿ ಇಲ್ಲ," ಎಂದಳು ಎತ್ತುವವಳು.

ಇಳಿಸುವವಳು ಅಪ್ಪಣೆಗೆ ಕಾಯುತ್ತಿದ್ದಳು. ಕಾಯಿ ಅಪ್ಪಣೆಗೆ ಕಾಯಲಿಲ್ಲ. ನೇರವಾಗಿ ಲಿಂಗರಸನ ಪಾದದ ಮೇಲೆ ಬಿದ್ದು ಹೋಳಾಯಿತು. ಹಾಡು ಇನ್ನೂ ನಡೆದೇ ಇತ್ತು.

"ಬಿದ್ದದ್ದನ್ನು ನಾನು ನೋಡಿದೆ," ಎಂದಳು ನೋಡುವವಳು.

ಸಭೆಯಲ್ಲಿ ಯಾರೂ ನಗಲಿಲ್ಲ. ದೊರೆಯ ಮುಖ ಬಿಳಿಚಿಕೊಂಡಿತ್ತು.

"ಚಿಂತೆಯಿಲ್ಲ ಪ್ರಭು, ಇದು ಮಜ್ಜಿಗೆಹುಳಿಗೆ ಆಗುತ್ತೆ," ಎಂದ ಅಳಸಿಂಗಯ್ಯ. "ಇನ್ನು ಯುವರಾಜರನ್ನು ತರಿಸಲೇ?"

"ಬಾಯಿ ಮುಚ್ಚು. ದ್ಯಾವಮ್ಮನನ್ನು ಕರೆಸು."

ದ್ಯಾವಮ್ಮ ಕೂಸಿನೊಂದಿಗೆ ಬಂದಳು. ರಾಜ, ಸಭೆ ಯಾವುದನ್ನೂ ಗಮನಿಸದೆ ಸೆರಗು ಸಿಕ್ಕಿಸಿ ಮಣೆಯ ಮೇಲೆ ಕೂತು ಕಾಲು ನೀಡಿದಳು. ನೀಡಿದ ಕಾಲು ನೆಟ್ಟಗೆ ಸಿಂಹಾಸನದ ಕಡೆಗೇ ಇತ್ತು. ಕೂಸನ್ನು ಬೋರಲು ಮಲಗಿಸಿ ಬೆನ್ನು ನೀವಿದಳು, ಹಣೆಗೆ ಕೈ ಅಡ್ಡ ಹಿಡಿದು ಚೊಂಬು ಚೊಂಬು ನೀರು ಸುರಿದಳು. ಕೂಸು ಎರಡು ಸಲ ಕಿರುಚಿ ಸುಮ್ಮನಾಯಿತು. ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆ ಸುತ್ತುವಷ್ಟರಲ್ಲಿ ಅದರ ಕಣ್ಣು ತೂಗುತ್ತಿತ್ತು.

ಲಿಂಗರಸ ಕುಂಟುತ್ತ ಮುಂದೆ ಬಂದ. "ನೋಡಿದಿರಾ ಪ್ರಭು? ಸಿಂಹಾಸನಕ್ಕೇ ಕಾಲು ತೋರಿಸಿದಳು. ಕಟ್ಟಳೆಯ ಗತಿಯೇನು?"

ದೊರೆ ಅಳಸಿಂಗಯ್ಯನ ಕಡೆ ನೋಡಿದ.

"ಕಟ್ಟಳೆ ಇರಲಿ, ಪ್ರಭು," ಎಂದ ಅಳಸಿಂಗಯ್ಯ. "ಅದು ಕಿರೀಟ ಹೊರುವವರಿಗೆ. ಕಿರೀಟ ಹೊರಬೇಕಾದರೆ ಮೊದಲು ಕತ್ತು ನಿಲ್ಲಬೇಕು. ಇವರದು ಇನ್ನೂ ನಿಂತಿಲ್ಲ. ನಿಲ್ಲುವ ತನಕ ಇವರು ಯುವರಾಜರಲ್ಲ, ಬರೀ ಕೂಸು. ತಮ್ಮ ಕತ್ತು ನಿಂತದ್ದೂ ಇಂಥ ಒಬ್ಬ ದಾದಿಯ ಕಾಲ ಮೇಲೆಯೇ."

ದೊರೆಯ ಕೈ ಅವನಿಗೇ ತಿಳಿಯದಂತೆ ಕತ್ತಿನ ಹಿಂದೆ ಹೋಯಿತು. ಆಮೇಲೆ ಹೆಗಲ ಶಾಲು ತೆಗೆದು ಅಳಸಿಂಗಯ್ಯನಿಗೆ ಹೊದಿಸಿದ.

"ದ್ಯಾವಮ್ಮ, ಇನ್ನು ಅರಮನೆಯಲ್ಲೇ ಇದ್ದುಬಿಡು."

"ಆಗಕಿಲ್ಲ ಬುದ್ಧಿ. ನಂಗೂ ಮನೇಲಿ ಎರಡು ಮಕ್ಕಳವೆ. ಹೊತ್ತಾರೆ ಬತ್ತೀನಿ, ಹೊತ್ತು ಇಳಿಯಕ್ಕೆ ಮುಂಚೆ ಓಯ್ತೀನಿ."

"ಹಾಗೇ ಆಗಲಿ. ಈ ಆರು ಮಂದಿಯನ್ನು ಪ್ರಧಾನಿಗಳು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲಿ, ಕುಂಟುವ ತಮ್ಮನ್ನು ಎತ್ತಿ ಇಳಿಸಲು," ಎಂದ ದೊರೆ ಕಂಬ ಅದುರುವಂತೆ ನಗತೊಡಗಿದ.

"ಸದ್ದು ಮಾಡ್ಬ್ಯಾಡಿ ಬುದ್ಧಿ," ಎಂದಳು ದ್ಯಾವಮ್ಮ. "ಕೂಸು ಮಲಗೈತೆ."

ಬಿಲ್ವದುರ್ಗದ ದೊರೆ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ. ಸಿಂಹಾಸನದಿಂದ ಇಳಿದು ತುದಿಗಾಲಲ್ಲಿ ಬಾಗಿಲ ಕಡೆ ನಡೆದ. ಅವನ ಹಿಂದೆ ಇಡೀ ಸಭೆಯೂ ತುದಿಗಾಲಲ್ಲೇ ಹೊರಗೆ ಹೋಯಿತು.